ಹನ್ನೊಂದು ತಿಂಗಳ ಕಾಗದ, ಐದು ವರ್ಷದ ಮಾತು: ಉತ್ತರ ಕನ್ನಡದ ಬಾಡಿಗೆ ಕರಾರುಗಳ ಲೆಕ್ಕ

ಶಿರಸಿಯ ಪೇಟೆಯಲ್ಲಿ ಮಳಿಗೆ ಹಿಡಿದವರು ಕಪಾಟು, ಗಾಜು, ವೈರಿಂಗ್ ಎಂದು ಮೂರು–ನಾಲ್ಕು ಲಕ್ಷ ಹಾಕುತ್ತಾರೆ. ಕಾರವಾರಕ್ಕೆ ವರ್ಗವಾಗಿ ಬಂದ ನೌಕರರು ಮಕ್ಕಳನ್ನು ಶಾಲೆಗೆ ಸೇರಿಸಿ, ಮೂರು ವರ್ಷವಾದರೂ ಇಲ್ಲೇ ಇರುತ್ತೇವೆಂಬ ಲೆಕ್ಕದಲ್ಲಿ ಮನೆ ಹಿಡಿಯುತ್ತಾರೆ. ಗೋಕರ್ಣದಲ್ಲಿ ಊರಿನವರ ಮನೆಯನ್ನು ಪೂರ್ತಿ ಬಾಡಿಗೆಗೆ ಪಡೆದು ಪ್ರವಾಸಿಗಳಿಗೆ ಕೋಣೆ ಕೊಡುವವರು ಐದಾರು ಸೀಜನ್ನಿನ ಕನಸು ಕಟ್ಟಿಕೊಂಡಿರುತ್ತಾರೆ. ಈ ಮೂವರ ಅಗತ್ಯವೂ ಬೇರೆ ಬೇರೆ. ಕೈಯಲ್ಲಿರುವ ಕಾಗದ ಮಾತ್ರ ಒಂದೇ: ಕಂಪ್ಯೂಟರ್ ಅಂಗಡಿಯಲ್ಲಿ ಹೆಸರು, ವಿಳಾಸ ಬದಲಿಸಿ ತೆಗೆದ, ಬಾಂಡ್ ಪೇಪರಿನ ಮೇಲಿನ 11 ತಿಂಗಳ ಕರಾರು. ಉಳಿದದ್ದೆಲ್ಲ ಬಾಯಿಮಾತು. "ನೀವು ಎಷ್ಟು ವರ್ಷ ಬೇಕಾದರೂ ಇರಿ, ನಾವೇನು ಎಬ್ಬಿಸುವುದಿಲ್ಲ."

ಮಾತು ಕೊಟ್ಟವರು ಸುಳ್ಳು ಹೇಳಿರುವುದಿಲ್ಲ. ಆದರೆ ಮಾತು ಕೊಟ್ಟ ಯಜಮಾನರು ತೀರಿಕೊಳ್ಳುತ್ತಾರೆ, ಮುಂಬೈಯಲ್ಲಿರುವ ಮಗ ಮನೆ ಮಾರಲು ಬರುತ್ತಾನೆ, ಪಕ್ಕದ ಮಳಿಗೆಗೆ ಯಾರೋ ದುಪ್ಪಟ್ಟು ಬಾಡಿಗೆ ಕೊಡುತ್ತಾರೆ. ಆಗ ನಿಲ್ಲುವುದು ಕಾಗದವೊಂದೇ. ಅವಧಿ ಉದ್ದವಿರಬೇಕೋ ಗಿಡ್ಡವಿರಬೇಕೋ ಎಂಬುದು ಎರಡನೆಯ ಪ್ರಶ್ನೆ. ಆಡಿದ ಮಾತಿನ ಅವಧಿಯೂ ಬರೆದ ಕಾಗದದ ಅವಧಿಯೂ ಒಂದೇ ಆಗಿದೆಯೇ ಎಂಬುದು ಮೊದಲನೆಯದು. ನಮ್ಮ ಜಿಲ್ಲೆಯ ಬಾಡಿಗೆ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಎರಡರ ನಡುವಿನ ಸಂದಿಯಲ್ಲೇ.

ಗೇಣಿಯ ನೆನಪು, ಬಾಡಿಗೆಯ ಭಯ

ಉದ್ದದ ಕರಾರು, ಗಿಡ್ಡ ಕರಾರು ಎಂಬ ಭೇದ ಈ ನೆಲಕ್ಕೆ ಹೊಸದಲ್ಲ. ಮೂಲಗೇಣಿ, ಚಾಲಗೇಣಿ ಎಂಬ ಎರಡು ಶಬ್ದಗಳೇ ಅದನ್ನು ಹೇಳುತ್ತವೆ. ಮೂಲಗೇಣಿಯವನದ್ದು ತಲೆಮಾರಿನಿಂದ ತಲೆಮಾರಿಗೆ ಸಾಗುವ ಕಾಯಂ ಹಕ್ಕು. ಚಾಲಗೇಣಿಯವನದ್ದು ವರ್ಷ ವರ್ಷದ ಬದುಕು, ಒಡೆಯ ಬೇಡವೆಂದರೆ ಎದ್ದು ಹೋಗಬೇಕು. ದಿನಕರ ದೇಸಾಯಿಯವರು ಮುಂದೆ ನಿಂತ ರೈತ ಚಳವಳಿ ಚಾಲಗೇಣಿಯವರ ಈ ಅಭದ್ರತೆಯ ವಿರುದ್ಧವೇ ಎದ್ದದ್ದು. ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಒಡೆತನ ಕೋರಿ ನಮೂನೆ 7ರ ಅರ್ಜಿ ಕೊಟ್ಟ ಗೇಣಿದಾರರು ಒಡೆಯರಾದರು. ನ್ಯಾಯವಾಗಿ ಆಗಬೇಕಾದದ್ದೇ ಆಯಿತು. ಆದರೆ ಜಮೀನು ಬಿಟ್ಟುಕೊಟ್ಟ ಮನೆತನಗಳಲ್ಲಿ ಒಂದು ಅಳುಕು ಉಳಿದುಬಂತು. "ಬಹಳ ವರ್ಷ ಒಬ್ಬರನ್ನೇ ಇಟ್ಟರೆ ಮನೆಯೂ ಅವರದ್ದೇ ಆದೀತು, ಹನ್ನೆರಡು ವರ್ಷವಾದರೆ ಮುಗಿಯಿತು" ಎನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ.

ಈ ಭಯಕ್ಕೆ ಆಧಾರವಿಲ್ಲ. 1974ರ ತಿದ್ದುಪಡಿ ಕೃಷಿ ಜಮೀನಿಗೆ ಸಂಬಂಧಿಸಿದ್ದು, ಪೇಟೆಯ ಮನೆಗೂ ಮಳಿಗೆಗೂ ಅದು ಅನ್ವಯಿಸುವುದಿಲ್ಲ. ಬಾಡಿಗೆದಾರ ಮನೆಯೊಳಗೆ ಬಂದದ್ದೇ ಮಾಲೀಕರ ಒಪ್ಪಿಗೆಯಿಂದ. ಬಾಡಿಗೆಗಿರುವಾಗ ಮಾಲೀಕರ ಹಕ್ಕನ್ನು ಪ್ರಶ್ನಿಸಲು ಸಾಕ್ಷ್ಯ ಕಾನೂನು ಅವನಿಗೆ ಬಿಡುವುದಿಲ್ಲ. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದರೂ ಅವನು ಬಾಡಿಗೆದಾರನೇ. ಹನ್ನೆರಡು ವರ್ಷ ಎಂಬ ಅಂಕಿ ಬಂದದ್ದು ಕಾಲಮಿತಿ ಕಾಯ್ದೆಯಿಂದ. ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ 12 ವರ್ಷದೊಳಗೆ ಮನೆ ಬಿಡಿಸಿಕೊಳ್ಳುವ ದಾವೆ ಹಾಕಬೇಕು ಎನ್ನುತ್ತದೆ ಅದು. ಎಂದರೆ ಮಾಲೀಕರಿಗೆ ಅಪಾಯವಿರುವುದು ಉದ್ದ ಕರಾರಿನಲ್ಲಲ್ಲ, ನೋಟಿಸು ಕೊಟ್ಟು ಬಾಡಿಗೆ ಮುಗಿಸಿ ಆಮೇಲೆ ಸುಮ್ಮನೆ ಕೂರುವುದರಲ್ಲಿ.

11 ಎಂಬ ಅಂಕಿ ಎಲ್ಲಿಂದ ಬಂತು

1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ವರ್ಷದಿಂದ ವರ್ಷಕ್ಕೆ ಸಾಗುವ ಕರಾರಿಗೂ ವಾರ್ಷಿಕ ಬಾಡಿಗೆ ಗೊತ್ತುಮಾಡಿದ ಕರಾರಿಗೂ ಇದೇ ನಿಯಮ. ಸರಿಯಾಗಿ 12 ತಿಂಗಳಾದರೆ ಮಿತಿ ಮೀರಿದಂತಲ್ಲ, ಒಂದು ದಿನ ಹೆಚ್ಚಾದರೆ ಮೀರಿತು. ಗೆರೆಯಿಂದ ದೂರ ನಿಲ್ಲೋಣವೆಂದು 11 ತಿಂಗಳು ರೂಢಿಗೆ ಬಂತು. ಕಚೇರಿಯ ಓಡಾಟ ಮತ್ತು ಶುಲ್ಕ ಉಳಿಸುವ ಉಪಾಯವಷ್ಟೇ ಅದು. ಯಾರನ್ನಾದರೂ ಕಾಪಾಡಲೆಂದು ಹುಟ್ಟಿದ್ದಲ್ಲ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು, ಮೂರು ವರ್ಷ ಎಂದು ಬರೆದು ನೋಟರಿ ಮುದ್ರೆ ಹಾಕಿಸಿ ಕೆಲಸ ಮುಗಿಯಿತೆಂದುಕೊಳ್ಳುವುದು. ನೋಟರಿ ಮಾಡಿಸುವುದು ಬೇರೆ, ನೋಂದಣಿ ಬೇರೆ. ನೋಂದಣಿಯಾಗದ ಮೂರು ವರ್ಷದ ಕರಾರನ್ನು ನ್ಯಾಯಾಲಯ ಮೂರು ವರ್ಷದ್ದೆಂದು ಒಪ್ಪುವುದಿಲ್ಲ. ಬಾಡಿಗೆದಾರ ಒಳಗಿದ್ದಾನೆ, ಮಾಲೀಕರು ಬಾಡಿಗೆ ಪಡೆದಿದ್ದಾರೆ ಎಂಬಷ್ಟನ್ನು ನೋಡಿ ಅದನ್ನು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆ ಎಂದು ಪರಿಗಣಿಸುತ್ತದೆ. ನೋಂದಣಿಯಾಗದ ಐದು ವರ್ಷದ ಕರಾರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದ್ದೂ ಇದನ್ನೇ. ತಿಂಗಳ ಬಾಡಿಗೆಯಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಯಾರು ಬೇಕಾದರೂ 15 ದಿನದ ನೋಟಿಸು ಕೊಟ್ಟು ಮುಗಿಸಬಹುದು. ನಾಲ್ಕು ಲಕ್ಷ ಹಾಕಿದ ಮಳಿಗೆಗೆ 15 ದಿನದ ಭದ್ರತೆ. ಮಾಲೀಕರಿಗೂ ಇದರಲ್ಲಿ ಲಾಭವಿಲ್ಲ: ಎರಡು ವರ್ಷ ಬಿಟ್ಟುಹೋಗುವಂತಿಲ್ಲ ಎಂದು ಬರೆಸಿಕೊಂಡ ಷರತ್ತೂ ಅದರೊಂದಿಗೇ ಬಿದ್ದುಹೋಗುತ್ತದೆ.

ಎರಡನೆಯದು, 11 ತಿಂಗಳು ಮುಗಿದ ಮೇಲೆ ಹೊಸ ಕಾಗದ ಮಾಡದೆ ಹಾಗೇ ಮುಂದುವರಿಯುವುದು. ಅವಧಿ ಮುಗಿದ ನಂತರವೂ ಮಾಲೀಕರು ಬಾಡಿಗೆ ಪಡೆದರೆ 116ನೇ ಕಲಂ ಪ್ರಕಾರ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಎರಡು ತಿಂಗಳ ನೋಟಿಸು, ಶೇಕಡಾ 5ರ ಏರಿಕೆ ಎಂಬ ಹಳೆಯ ಷರತ್ತುಗಳು ಈಗಲೂ ಇವೆಯೇ ಇಲ್ಲವೇ ಎಂಬುದೇ ಜಗಳದ ವಸ್ತುವಾಗುತ್ತದೆ.

ಬಾಂಡ್ ಪೇಪರಿನ ಮೊತ್ತದ ಬಗ್ಗೆಯೂ ಒಂದು ಮಾತು. ಮುದ್ರಾಂಕ ಶುಲ್ಕ ನಿರ್ಧಾರವಾಗುವುದು ಅವಧಿ, ಬಾಡಿಗೆ ಮತ್ತು ಮುಂಗಡದ ಮೇಲೆ. ಎಲ್ಲ ಕರಾರಿಗೂ ಒಂದೇ ಮೊತ್ತದ ಕಾಗದ ಸಾಲದು. ಕಡಿಮೆ ಶುಲ್ಕದ ಕಾಗದವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರಬೇಕಾದರೆ, ಕಡಿಮೆ ಬಿದ್ದ ಮೊತ್ತದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಪಾಡುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿ, ನಮ್ಮಂಥ ಊರುಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಗೆ ಆ ಕಾಯ್ದೆಯ ರಕ್ಷಣೆ ಇಲ್ಲ. 14 ಚದರ ಮೀಟರಿಗಿಂತ, ಎಂದರೆ ಸುಮಾರು 150 ಚದರ ಅಡಿಗಿಂತ, ದೊಡ್ಡ ಮಳಿಗೆಗೂ ಇಲ್ಲ. 2,000 ರೂಪಾಯಿಗೆ ಇವತ್ತು ಕಾರವಾರದಲ್ಲಿ ಸಂಸಾರ ಹೂಡುವಂಥ ಮನೆ ಎಲ್ಲಿದೆ? ಹೀಗಾಗಿ ಬಹುತೇಕ ಬಾಡಿಗೆಗಳು 1882ರ ಕಾಯ್ದೆಯ ಕೆಳಗೇ ಬರುತ್ತವೆ. ಆ ಕಾಯ್ದೆ ಮೊದಲು ನೋಡುವುದು ನೀವು ಏನು ಬರೆದುಕೊಂಡಿದ್ದೀರಿ ಎಂಬುದನ್ನು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ, ಮಾಲೀಕರು ಮನೆಯೊಳಗೆ ಬರಲು 24 ಗಂಟೆ ಮೊದಲು ತಿಳಿಸಬೇಕು ಎಂಬಂಥ ಒಳ್ಳೆಯ ನಿಯಮಗಳಿವೆ. ಅದು ಮಾದರಿ ಮಾತ್ರ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡದೆ ಯಾರನ್ನೂ ಕಟ್ಟಿಹಾಕದು. ಆದರೆ ಅದರಲ್ಲಿನ ಷರತ್ತುಗಳನ್ನು ನಿಮ್ಮ ಕರಾರಿಗೆ ನೀವೇ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಯಾರಿಗೆ ಲಾಭ: ಒಂದು ಲೆಕ್ಕ

ಉದಾಹರಣೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆಯ ಮನೆ ಎಂದುಕೊಳ್ಳೋಣ. ಮೂರು ವರ್ಷದ ನೋಂದಾಯಿತ ಕರಾರು, ವರ್ಷಕ್ಕೆ ಶೇಕಡಾ 5 ಏರಿಕೆ. ಮೊದಲ ವರ್ಷ 1,20,000, ಎರಡನೆಯದು 1,26,000, ಮೂರನೆಯದು 1,32,300. ಒಟ್ಟು 3,78,300 ರೂಪಾಯಿ.

ಅದೇ ಮನೆಯನ್ನು 11 ತಿಂಗಳಿಗೊಬ್ಬರಂತೆ, ಪ್ರತಿ ಸಲ ಶೇಕಡಾ 10 ಏರಿಸಿ ಕೊಟ್ಟರು, ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಬಿತ್ತು ಎನ್ನಿ. 1,10,000, 1,21,000, 1,33,100 ಸೇರಿ 36 ತಿಂಗಳಿಗೆ 3,64,100. ಏರಿಕೆ ಎರಡು ಪಟ್ಟಿದ್ದರೂ 14,200 ರೂಪಾಯಿ ಕಡಿಮೆ ಬಂತು. ಪ್ರತಿ ಸಲದ ಬಣ್ಣ, ನಲ್ಲಿ–ಚಿಲಕದ ರಿಪೇರಿ, ದಲ್ಲಾಳಿಯ ಪಾಲು ಇದರಲ್ಲಿ ಸೇರಿಲ್ಲ.

ಮನೆ ಒಂದು ದಿನವೂ ಖಾಲಿ ಬೀಳದೆ ಅದೇ ಬಾಡಿಗೆದಾರ 36 ತಿಂಗಳೂ ಉಳಿದು, 11 ತಿಂಗಳಿಗೊಮ್ಮೆ ಶೇಕಡಾ 10 ಏರಿಕೆಗೆ ಒಪ್ಪಿದರೆ ಮಾತ್ರ ಲೆಕ್ಕ ತಿರುಗುತ್ತದೆ. ಆಗ ಬಾಡಿಗೆ ಮೂರು ಬಾರಿ ಏರಿ ಒಟ್ಟು 4,04,030 ಬರುತ್ತದೆ. ಎಂದರೆ ಗಿಡ್ಡ ಕರಾರಿನಿಂದ ಮಾಲೀಕರಿಗೆ ಲಾಭವಾಗುವುದು ಬಾಡಿಗೆದಾರ ಉದ್ದ ಕರಾರಿನವನಂತೆ ಕೂತಾಗಲೇ. ಅವನು ಕೂರುವನೆಂಬ ಖಾತರಿಯನ್ನು ಮಾತ್ರ ಆ ಕಾಗದ ಕೊಡುವುದಿಲ್ಲ.

ವರ್ಗಾವಣೆಯ ನೌಕರರು, ಕಂಪನಿಗಳು

ಕಾರವಾರದ ಬಾಡಿಗೆ ಪೇಟೆ ಬೇರೆ ಜಿಲ್ಲಾ ಕೇಂದ್ರಗಳಂತಲ್ಲ. ಸೀಬರ್ಡ್ ನೌಕಾನೆಲೆಯ ಕಾಮಗಾರಿಗಳು, ಕೈಗಾದಲ್ಲಿ ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳ ನಿರ್ಮಾಣ, ವೈದ್ಯಕೀಯ ಕಾಲೇಜು, ಸರ್ಕಾರಿ ಕಚೇರಿಗಳು. ಮನೆ ಕೇಳಿಕೊಂಡು ಬರುವವರಲ್ಲಿ ಎರಡು–ಮೂರು ವರ್ಷಕ್ಕೆಂದು ಬಂದು ಹೋಗುವವರೇ ಬಹಳ. ಇವರಿಗೆ ಉದ್ದದ ಕರಾರು ಬೇಕು, ಆದರೆ ವರ್ಗಾವಣೆಯ ಆದೇಶ ಬಂದರೆ ಬಿಡುವ ದಾರಿಯೂ ಬೇಕು. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬಹುದು. ಅವಧಿ 36 ತಿಂಗಳು. ಮಾಲೀಕರು ಈ ಅವಧಿಯಲ್ಲಿ ಬಾಡಿಗೆ ಬಾಕಿ ಅಥವಾ ಷರತ್ತು ಉಲ್ಲಂಘನೆಯ ಕಾರಣಕ್ಕಲ್ಲದೆ ಬಿಡಿಸುವಂತಿಲ್ಲ. ಬಾಡಿಗೆದಾರರು ಮೊದಲ 12 ತಿಂಗಳು ಬಿಡುವಂತಿಲ್ಲ, ನಂತರ ಎರಡು ತಿಂಗಳ ನೋಟಿಸು ಕೊಟ್ಟು ಬಿಡಬಹುದು. ವರ್ಗಾವಣೆಯ ಆದೇಶದ ಪ್ರತಿ ತೋರಿಸಿದರೆ ಮೊದಲ ವರ್ಷದಲ್ಲೂ ಒಂದು ತಿಂಗಳ ನೋಟಿಸು ಸಾಕು. ಇಂಥ ಕರಾರು ಮಾಲೀಕರಿಗೆ ಅನ್ಯಾಯ ಎಂದು ತೋರಬಹುದು. ಆದರೆ ಮನೆಯನ್ನು ಕಾಯುವ, ಬಾಡಿಗೆಯನ್ನು ತಾರೀಕಿಗೆ ಹಾಕುವ ಕುಟುಂಬ ಮೂರು ವರ್ಷ ಸಿಗುವುದರ ಬೆಲೆ ಮೇಲಿನ ಲೆಕ್ಕದಲ್ಲೇ ಇದೆ.

ಗುತ್ತಿಗೆ ಕಂಪನಿಗಳು ನೌಕರರಿಗಾಗಿ ಮನೆ ಹಿಡಿದಾಗ ಕರಾರು ಯಾರ ಹೆಸರಲ್ಲಿದೆ ಎಂದು ನೋಡಬೇಕು. ಕಂಪನಿಯ ಹೆಸರಲ್ಲಿದ್ದರೆ ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ಪತ್ರದ ಪ್ರತಿ ಇರಲಿ. ಜಿ.ಎಸ್.ಟಿ. ನೋಂದಣಿಯಿರುವ ಕಂಪನಿ ತನ್ನ ವ್ಯವಹಾರಕ್ಕಾಗಿ ವಾಸದ ಮನೆ ಹಿಡಿದರೆ, 2022ರ ಜುಲೈ 18ರಿಂದ ಆ ತೆರಿಗೆಯನ್ನು ಕಂಪನಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಮಾಲೀಕರ ಬಾಡಿಗೆಯಿಂದ ಅದನ್ನು ಮುರಿದುಕೊಳ್ಳಲು ಬರುವುದಿಲ್ಲ. ಇನ್ನು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವ ನೌಕರರು, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕಾಗುತ್ತದೆ. ಇದನ್ನು ಮನೆ ಹಿಡಿಯುವ ದಿನವೇ ಮಾತಾಡಿಕೊಳ್ಳಿ. ಮಾರ್ಚ್ ತಿಂಗಳಲ್ಲಿ ಕೇಳಿದರೆ ಮುಖ ಕೆಡುತ್ತದೆ.

ಗೃಹಜ್ಯೋತಿಯ ಸವಲತ್ತು ಬಾಡಿಗೆದಾರರಿಗೂ ಇದೆ. ಮನೆ ಬಿಡುವಾಗ ಆ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರಿನಿಂದ ತಮ್ಮ ಆಧಾರ್ ಜೋಡಣೆಯನ್ನು ಬಿಡಿಸಿಕೊಂಡು ಹೋಗಬೇಕು. ಮರೆತರೆ ಹೊಸ ಮನೆಯಲ್ಲಿ ನಿಮಗೂ ಸಿಗದು, ಹಳೆಯ ಮನೆಗೆ ಬಂದವರಿಗೂ ತೊಡಕು. 11 ತಿಂಗಳಿಗೊಮ್ಮೆ ಮನೆ ಬದಲಿಸುವವರಿಗೆ ಇದು ಪ್ರತಿ ಸಲದ ಕೆಲಸ.

ಮಳಿಗೆ ಹಿಡಿಯುವವರಿಗೆ

ಹಣ ಹೂಡುವ ಜಾಗಕ್ಕೆ 11 ತಿಂಗಳ ಕರಾರು ಮಾಡಿಕೊಳ್ಳಲೇಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹೂಡಿದ ಹಣ ವಾಪಸು ಬರಲು ಎಷ್ಟು ತಿಂಗಳು ಬೇಕು ಎಂದು ಮೊದಲು ಲೆಕ್ಕ ಹಾಕಿ. ನಾಲ್ಕು ಲಕ್ಷ ಹಾಕಿ ತಿಂಗಳಿಗೆ 12,000 ಉಳಿತಾಯವಾದರೆ 34 ತಿಂಗಳು. ಅದಕ್ಕಿಂತ ಗಿಡ್ಡ ಕರಾರಿಗೆ ಸಹಿ ಹಾಕುವುದೆಂದರೆ ಮಾಲೀಕರ ಗೋಡೆಗೆ ನಿಮ್ಮ ದುಡ್ಡಿನಲ್ಲಿ ಅಲಂಕಾರ ಮಾಡಿದಂತೆ. ಐದು ವರ್ಷ ಬರೆಸಿ, ನೋಂದಣಿ ಮಾಡಿಸಿ. ನೋಂದಣಿಯಾದ ಕರಾರು ಋಣಭಾರ ಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಕಟ್ಟಡ ಮಾರಾಟವಾದರೂ ಕೊಂಡವರು ನಿಮ್ಮ ಉಳಿದ ಅವಧಿಯನ್ನು ಗೌರವಿಸಬೇಕು.

ಬಿಟ್ಟುಹೋಗುವಾಗ ಯಾವುದು ಕಟ್ಟಡದ್ದು, ಯಾವುದು ನಿಮ್ಮದು ಎಂದು ಪಟ್ಟಿ ಮಾಡಿ. 1882ರ ಕಾಯ್ದೆಯ 108ನೇ ಕಲಂ ಬಾಡಿಗೆದಾರ ತಾನು ಜೋಡಿಸಿದ್ದನ್ನು ಜಾಗ ಬಿಡುವ ಮೊದಲು ತೆಗೆದುಕೊಂಡು ಹೋಗಲು ಬಿಡುತ್ತದೆ, ಆದರೆ ಜಾಗ ಮೊದಲು ಹೇಗಿತ್ತೋ ಹಾಗೆ ಬಿಟ್ಟುಕೊಡಬೇಕು. ಷಟರು, ನೆಲಹಾಸು, ಮೂರು ಫೇಸ್ ವಿದ್ಯುತ್ ಸಂಪರ್ಕ, ಬೋರ್ಡಿನ ಕಬ್ಬಿಣದ ಚೌಕಟ್ಟು: ಜಗಳ ಬರುವುದು ಈ ನಾಲ್ಕರಲ್ಲೇ. ಶಿರಸಿಯವರಿಗೆ ಇನ್ನೊಂದು ಸೂಚನೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಅಂಗಡಿಯ ಮುಂದಿನ ಕಟ್ಟೆ, ಜಗಲಿಗೂ ಬಾಡಿಗೆ ಹುಟ್ಟುತ್ತದೆ. ಆ ಜಾಗ ನಿಮ್ಮ ಕರಾರಿನ ಅಳತೆಯೊಳಗೆ ಇದೆಯೇ, ಜಾತ್ರೆಗೆ ಅದನ್ನು ಕೊಡುವ ಹಕ್ಕು ಯಾರದ್ದು ಎಂದು ಒಂದು ಸಾಲು ಬರೆದಿಟ್ಟರೆ ಸಾಕು.

ಗೋಕರ್ಣದ ಎರಡು ಋತು

ಗೋಕರ್ಣ, ಮುರುಡೇಶ್ವರ, ಹೊನ್ನಾವರದ ಕಾಸರಕೋಡು, ಘಟ್ಟದ ಮೇಲೆ ದಾಂಡೇಲಿ. ಇಲ್ಲಿ ಪ್ರಶ್ನೆ 11 ತಿಂಗಳೋ ಮೂರು ವರ್ಷವೋ ಎಂಬುದಲ್ಲ, ತಿಂಗಳ ಬಾಡಿಗೆಯೋ ರಾತ್ರಿಯ ಬಾಡಿಗೆಯೋ ಎಂಬುದು. ರಾತ್ರಿಗೆ 1,500 ಎಂದ ಕೂಡಲೇ 30ರಿಂದ ಗುಣಿಸಿ 45,000 ಎಂದು ಕಣ್ಣು ಅರಳಿಸುವವರಿದ್ದಾರೆ. ಲೆಕ್ಕ ಹಾಗೆ ನಡೆಯುವುದಿಲ್ಲ.

ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ರಾತ್ರಿಗಳು. ಒಂದು ಕೋಣೆಗೆ ರಾತ್ರಿಗೆ 1,500 ಸಿಕ್ಕಿತೆನ್ನಿ. ಆನ್‌ಲೈನ್ ಬುಕ್ಕಿಂಗಿನ ಕಮಿಷನ್ ಶೇಕಡಾ 15 ಎಂದು ಹಿಡಿದರೆ 225 ಹೋಯಿತು. ಬಟ್ಟೆ ಒಗೆತ, ಶುಚಿ, ಸೋಪು, ನೀರು ಎಂದು 300. ಕೈಗೆ ಉಳಿಯುವುದು 975. ಅದೇ ಕೋಣೆಯನ್ನು ತಿಂಗಳಿಗೆ 7,000ದಂತೆ ವರ್ಷಪೂರ್ತಿ ಕೊಟ್ಟರೆ 84,000. ಇದನ್ನು ಸರಿಗಟ್ಟಲು 87 ರಾತ್ರಿ ತುಂಬಬೇಕು, ಎಂದರೆ ಸೀಜನ್ನಿನ ಅರ್ಧಕ್ಕೆ ಹತ್ತಿರ. ಶನಿವಾರ–ರವಿವಾರ ಮಾತ್ರ ತುಂಬುವ ಕೋಣೆಗೆ ವಾರಕ್ಕೆ ಎರಡರಂತೆ 26 ವಾರದಲ್ಲಿ 52 ರಾತ್ರಿ. ನಿಮ್ಮ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಸಮುದ್ರ ಕಾಣುವ ಮನೆಗೆ ಉತ್ತರ ಒಂದು, ಒಳಕೇರಿಯ ಮನೆಗೆ ಇನ್ನೊಂದು ಬರುತ್ತದೆ.

ರಾತ್ರಿಯ ಬಾಡಿಗೆಗೆ ಇಳಿದರೆ ಮನೆಯ ವಿದ್ಯುತ್ ಮೀಟರನ್ನು ವಾಣಿಜ್ಯ ದರಕ್ಕೆ ಬದಲಿಸಿಕೊಳ್ಳಬೇಕಾದೀತು, ಹೆಸ್ಕಾಂನಲ್ಲಿ ವಿಚಾರಿಸಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸಿದರೆ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದುಪ್ಪಟ್ಟು ದರದ ಬಿಲ್ಲು ಬರುತ್ತದೆ. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಸೇರಿಸಿ ಬರುತ್ತದೆ. ಮೀಟರು ಮಾಲೀಕರ ಹೆಸರಲ್ಲಿರುವುದರಿಂದ ಬಿಲ್ಲೂ ಅವರಿಗೇ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಕೊಡಬೇಕು, ಅದನ್ನೇ ಜನ ಸಿ ಫಾರ್ಮ್ ಎನ್ನುವುದು. ತಿಂಗಳುಗಟ್ಟಲೆ ಇರುವ ವಿದೇಶಿ ಬಾಡಿಗೆದಾರರಿಗೂ ಇದು ಅನ್ವಯ.

ಮನೆಯನ್ನು ವರ್ಷದ ಬಾಡಿಗೆಗೆ ಕೊಟ್ಟ ಮಾಲೀಕರು ಗಮನಿಸಬೇಕಾದ ಅಂಶ ಬೇರೆಯೇ ಇದೆ. ಕರಾರಿನಲ್ಲಿ ನಿಷೇಧ ಬರೆಯದಿದ್ದರೆ 1882ರ ಕಾಯ್ದೆ ಬಾಡಿಗೆದಾರ ಒಳಬಾಡಿಗೆ ಕೊಡಲು ಬಿಡುತ್ತದೆ. ತಿಂಗಳಿಗೆ 15,000ಕ್ಕೆ ಸಂಸಾರಕ್ಕೆಂದು ಹಿಡಿದ ಮನೆ ಮುಂದಿನ ವಾರ ಆನ್‌ಲೈನಿನಲ್ಲಿ ರಾತ್ರಿಗೆ 2,500ಕ್ಕೆ ಕಾಣಿಸಿಕೊಳ್ಳುವುದು ಹೀಗೆ. "ಸ್ವಂತ ಕುಟುಂಬದ ವಾಸಕ್ಕೆ ಮಾತ್ರ, ದಿನದ ಅಥವಾ ವಾರದ ಬಾಡಿಗೆಗೆ, ಹೋಮ್‌ಸ್ಟೇಗೆ, ಒಳಬಾಡಿಗೆಗೆ ಕೊಡತಕ್ಕದ್ದಲ್ಲ" ಎಂಬ ಸಾಲು ತಪ್ಪದೆ ಇರಲಿ.

ಕೆಲವರು ಬಾಡಿಗೆ ಎನ್ನದೆ "ಲೀವ್ ಅಂಡ್ ಲೈಸೆನ್ಸ್" (ಜಾಗ ಬಳಸಲು ಅನುಮತಿ ಮಾತ್ರ) ಎಂದು ಬರೆಸುತ್ತಾರೆ, ಎಬ್ಬಿಸಲು ಸುಲಭ ಎಂಬ ಕಾರಣಕ್ಕೆ. ಹೆಸರು ಬದಲಿಸಿದರೆ ಸಾಲದು. ದೆಹಲಿಯ ಹೋಟೆಲೊಂದರ ಕೋಣೆಗಳಲ್ಲಿದ್ದ ಕೇಶಾಲಂಕಾರದ ಅಂಗಡಿಯ ಪ್ರಕರಣದಲ್ಲಿ, ಕಾಗದ ಲೈಸೆನ್ಸ್ ಎಂದಿದ್ದರೂ ಜಾಗದ ಪೂರ್ಣ ಸ್ವಾಧೀನ ಅಂಗಡಿಯವರದ್ದೇ ಆಗಿದ್ದರಿಂದ ಅದು ಬಾಡಿಗೆಯೇ ಎಂದು 1959ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಾಲೀಕರು ಅದೇ ಮನೆಯಲ್ಲಿದ್ದು, ಒಂದು ಕೋಣೆ ಕೊಟ್ಟು, ಬೀಗ, ಶುಚಿ, ಓಡಾಟ ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದರೆ ಲೈಸೆನ್ಸ್ ಎಂಬುದಕ್ಕೆ ಅರ್ಥ. ಇಡೀ ಮನೆಯ ಕೀಲಿಕೈ ಕೊಟ್ಟ ಮೇಲೆ ಅದು ಬಾಡಿಗೆ.

ಮಳೆಗಾಲವನ್ನು ಕರಾರಿನಲ್ಲಿ ಬರೆಯುವುದು

ಬೆಂಗಳೂರಿನ ನಮೂನೆಯನ್ನು ನಕಲು ಮಾಡಿದ ಕರಾರುಗಳಲ್ಲಿ ಇಲ್ಲದ್ದು ಇದು. ಕರಾವಳಿಯಲ್ಲಿ ಮನೆಯ ನಿಜ ಸ್ಥಿತಿ ಗೊತ್ತಾಗುವುದು ಜುಲೈಯಲ್ಲಿ. ಜನವರಿಯಲ್ಲಿ ನೋಡಿ ಒಪ್ಪಿದ ಮನೆಯ ಗೋಡೆ ಆಷಾಢದಲ್ಲಿ ತೇವ ಬಿಟ್ಟು ಬೂಷ್ಟು ಹಿಡಿಯುತ್ತದೆ, ಕಪಾಟಿನೊಳಗಿನ ಬಟ್ಟೆ ವಾಸನೆ ಬರುತ್ತದೆ, ಮರದ ಬಾಗಿಲು ಉಬ್ಬಿ ಹಾಕಲು ಬರುವುದಿಲ್ಲ. ಮನೆ ಬಿಡುವಾಗ ಇವೆಲ್ಲ ಬಾಡಿಗೆದಾರ ಮಾಡಿದ ಹಾಳು ಎಂದು ಮುಂಗಡದಲ್ಲಿ ಮುರಿಯುವುದುಂಟು. ಹಾಗಾಗಿ ಮನೆಯ ಸ್ಥಿತಿಯ ಫೋಟೋಗಳನ್ನು ಎರಡು ಸಲ ತೆಗೆದಿಡಿ. ಕೀಲಿಕೈ ಪಡೆದ ದಿನ ಒಮ್ಮೆ, ಮೊದಲ ಮಳೆಗಾಲದ ನಡುವೆ ಇನ್ನೊಮ್ಮೆ. ಎರಡನ್ನೂ ಮಾಲೀಕರಿಗೆ ಆಗಲೇ ಕಳಿಸಿ. ಸೋರಿಕೆಯಿಂದ, ಗೋಡೆಯ ತೇವದಿಂದ, ಉಪ್ಪುಗಾಳಿಯ ತುಕ್ಕಿನಿಂದ ಆದ ಹಾನಿ ಬಾಡಿಗೆದಾರನದ್ದಲ್ಲ ಎಂದು ಬರೆಸಿ.

ಹಂಚಿನ ಮನೆಯಾದರೆ ಮಾಡಿನ ಕೆಲಸ ಯಾರದ್ದು? ಒಡೆದ ಹಂಚು ಬದಲಿಸುವುದು, ಹಾಳಾದ ರೀಪು ತೆಗೆಯುವುದು, ಮಂಗ ಹಾರಿ ಜರುಗಿದ ಸಾಲು ಸರಿಪಡಿಸುವುದು, ಮಾಡಿನ ನೀರು ಹರಿಯುವ ಹರಣಿಯ ಕಸ ತೆಗೆಯುವುದು. ಮೊದಲ ಎರಡು ಮಾಲೀಕರದ್ದು, ಕಸ ತೆಗೆಯುವುದು ಬಾಡಿಗೆದಾರರದ್ದು, ಮಂಗನದ್ದು ಇಬ್ಬರೂ ಹಂಚಿಕೊಳ್ಳುವುದು ಎಂದು ಇಟ್ಟುಕೊಂಡರೆ ನ್ಯಾಯ. ಮುಖ್ಯವಾದದ್ದು ತಾರೀಕು: "ಪ್ರತಿ ವರ್ಷ ಮೇ 20ರೊಳಗೆ." ಜೂನ್ ಮೊದಲ ವಾರ ಮಳೆ ಹಿಡಿದರೆ ಮಾಡು ಹತ್ತುವವರು ಸಿಗುವುದಿಲ್ಲ, ಸಿಕ್ಕರೂ ಪಾಚಿಗಟ್ಟಿದ ಹಂಚಿನ ಮೇಲೆ ಕಾಲಿಡುವುದು ಅಪಾಯ. ಆರ್‌ಸಿಸಿ ತಾರಸಿಗೂ ಇದೇ ಗಡುವು.

ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದರೂ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 108ನೇ ಕಲಂ ಹೇಳುತ್ತದೆ. ಆದರೆ ಆ ರಿಪೇರಿ ಮಾಲೀಕರ ಹೊಣೆ ಎಂಬುದು ಮೊದಲು ಕರಾರಿನಲ್ಲಿ ಇರಬೇಕು. ತಿಳಿಸಿದ್ದಕ್ಕೆ ಲಿಖಿತ ಪುರಾವೆ, ಖರ್ಚಿಗೆ ರಸೀದಿ ಬೇಕು. ಪ್ರವಾಹದಿಂದಲೋ ಬಿರುಗಾಳಿಯಿಂದಲೋ ಮನೆಯ ಮುಖ್ಯ ಭಾಗ ವಾಸಕ್ಕೆ ಬಾರದಂತಾದರೆ ಬಾಡಿಗೆದಾರ ಕರಾರನ್ನು ರದ್ದು ಮಾಡಬಹುದು ಎಂದೂ ಅದೇ ಕಲಂ ಹೇಳುತ್ತದೆ. ಗುಡ್ಡ ಕಡಿದು ಮಾಡಿದ ಸೈಟು, ಹೊಳೆಯಂಚಿನ ಮನೆ ಹಿಡಿಯುವವರು ಇನ್ನೊಂದು ಸಾಲು ಸೇರಿಸಲಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಈ ಜಿಲ್ಲೆ ಮರೆತಿಲ್ಲ. ಆಡಳಿತ ಮನೆ ಖಾಲಿ ಮಾಡಿಸಿದ ದಿನಗಳಿಗೆ ಬಾಡಿಗೆ ಇಲ್ಲ ಎಂದು ಬರೆಯುವುದು ಅತಿಯಾದ ಎಚ್ಚರಿಕೆಯೇನಲ್ಲ.

ನೀರು ಇನ್ನೊಂದು. ಸಮುದ್ರಕ್ಕೆ, ಖಾರ್ಲ್ಯಾಂಡಿಗೆ (ಉಪ್ಪುನೀರು ನುಗ್ಗುವ ತಗ್ಗು ಜಮೀನಿಗೆ) ಹತ್ತಿರದ ಬಾವಿಗಳಲ್ಲಿ ಏಪ್ರಿಲ್–ಮೇಗೆ ಉಪ್ಪು ಏರುತ್ತದೆ. ಆಗ ಟ್ಯಾಂಕರಿನ ಖರ್ಚು ಯಾರದ್ದು, ಪಂಪು ಸುಟ್ಟರೆ ಯಾರದ್ದು ಎಂಬುದು 11 ತಿಂಗಳ ಕರಾರಿನಲ್ಲಿ ಒಂದು ಬೇಸಿಗೆಯ ಮಾತು, ಐದು ವರ್ಷದ್ದರಲ್ಲಿ ಐದು ಬೇಸಿಗೆಯದ್ದು.

ಸಹಿ ಹಾಕುವ ಮೊದಲು ನೋಡಬೇಕಾದ ಕಾಗದ

ಉದ್ದ ಕರಾರಿಗೆ ಮುನ್ನ ಮಾಲೀಕತ್ವದ ದಾಖಲೆ ನೋಡಲೇಬೇಕು. ಉತ್ತರ ಕನ್ನಡದಲ್ಲಿ ಇದಕ್ಕೆ ವಿಶೇಷ ಕಾರಣಗಳಿವೆ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಕಟ್ಟಿದ ಮನೆಗಳು ಬಹಳ. ಪಂಚಾಯ್ತಿಯ ಮನೆ ನಂಬರ್, ಕರೆಂಟು ಎರಡೂ ಇದ್ದರೂ ಜಾಗ ಹೆಸರಿಗೆ ಆಗಿರುವುದಿಲ್ಲ. ವಾಸಕ್ಕೆ ಒಂದು ವರ್ಷ ಹಿಡಿಯಲು ತೊಂದರೆಯಿಲ್ಲ, ಲಕ್ಷಗಟ್ಟಲೆ ಹೂಡಲು ಬೇಡ. ಕಡಲಂಚಿನ ಕಟ್ಟಡಗಳಿಗೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಇದೆಯೇ ಎಂದು ಕೇಳಿ. ಒಡೆಯುವ ಆದೇಶ ಬಂದರೆ ಐದು ವರ್ಷದ ನೋಂದಾಯಿತ ಕರಾರೂ ಗೋಡೆಯನ್ನು ಉಳಿಸದು.

ಪಾಲಾಗದ ಮನೆಯಾದರೆ ಎಲ್ಲ ಹಕ್ಕುದಾರರ ಸಹಿ ಬೇಕು. ಊರಲ್ಲಿರುವ ಒಬ್ಬ ತಮ್ಮ ಬಾಡಿಗೆ ಕೊಟ್ಟು, ಬೆಂಗಳೂರಿನ ಅಣ್ಣ ತನಗೆ ಗೊತ್ತೇ ಇಲ್ಲ ಎನ್ನುವುದು ಅಪರೂಪವಲ್ಲ. ಹೊರಗಿರುವವರು ಊರಲ್ಲಿರುವವರಿಗೆ ಅಧಿಕಾರಪತ್ರ ಬರೆದುಕೊಡಬಹುದು. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದರೆ, ಅಡವಿಟ್ಟ ಕಟ್ಟಡವನ್ನು ಮೂರು ವರ್ಷ ಮೀರಿ ಬಾಡಿಗೆಗೆ ಕೊಡುವ ಅಧಿಕಾರವನ್ನು 1882ರ ಕಾಯ್ದೆಯ 65ಎ ಕಲಂ ಮಾಲೀಕರಿಗೆ ಕೊಡುವುದಿಲ್ಲ. ಬ್ಯಾಂಕಿನ ಷರತ್ತು ಇನ್ನೂ ಬಿಗಿ ಇರಬಹುದು. ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಿ. ಸಾಲ ಕಟ್ಟದೆ ಜಪ್ತಿಯಾದಾಗ ಬೀದಿಗೆ ಬರುವವರು ಬಾಡಿಗೆದಾರರು.

ನೋಂದಣಿಯ ಕೆಲಸ ಜನ ಹೆದರುವಷ್ಟು ದೊಡ್ಡದಲ್ಲ. ಕರಡು ಸಿದ್ಧಮಾಡಿ ಕಾವೇರಿ 2.0 ತಾಣದಲ್ಲಿ ಎರಡೂ ಕಡೆಯವರ, ಆಸ್ತಿಯ ವಿವರ ತುಂಬಿ ಅರ್ಜಿ ಹಾಕುವುದು, ಉಪನೋಂದಣಾಧಿಕಾರಿ ಕಚೇರಿ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತುಮಾಡಿಕೊಳ್ಳುವುದು, ಆ ದಿನ ಎರಡೂ ಕಡೆಯವರು ಸಾಕ್ಷಿಗಳೊಂದಿಗೆ ಗುರುತಿನ ಚೀಟಿ ಹಿಡಿದು ಹೋಗಿ ಫೋಟೋ, ಹೆಬ್ಬೆಟ್ಟು ಕೊಡುವುದು. ಸಹಿ ಹಾಕಿದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಖರ್ಚು ಎಷ್ಟಾಗುತ್ತದೆ ಎಂಬುದು ಅರ್ಜಿ ಹಾಕುವಾಗಲೇ ಗೊತ್ತಾಗುತ್ತದೆ. ಅದನ್ನು ಎರಡೂ ಕಡೆಯವರು ಅರ್ಧರ್ಧ ಹಂಚಿಕೊಳ್ಳುವುದು ನ್ಯಾಯ, ಭದ್ರತೆ ಇಬ್ಬರಿಗೂ ಸಿಗುತ್ತದಲ್ಲ.

ಯಾವ ತಿಂಗಳಲ್ಲಿ ಮುಗಿಯಬೇಕು

ಅವಧಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂದು ಕೇಳುವವರು ಕಡಿಮೆ. 11 ತಿಂಗಳ ಕರಾರಿನ ದೊಡ್ಡ ದೋಷ ಇಲ್ಲೇ ಅಡಗಿದೆ: ಪ್ರತಿ ಸುತ್ತಿಗೆ ಅದು ಒಂದು ತಿಂಗಳು ಹಿಂದೆ ಸರಿಯುತ್ತದೆ. 2026ರ ಜೂನ್ 1ಕ್ಕೆ ಶುರುವಾದದ್ದು 2027ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ, ಶಾಲೆಗೆ ರಜೆ, ಅನುಕೂಲದ ಕಾಲ. ಮುಂದಿನದು 2028ರ ಮಾರ್ಚ್ 31ಕ್ಕೆ, ಮನೆಯಲ್ಲಿ ಎಸ್ಸೆಸ್ಸೆಲ್ಸಿಯ ಮಗುವಿದ್ದರೆ ಪರೀಕ್ಷೆಯ ಹೊತ್ತು. ಅದರ ಮುಂದಿನದು 2029ರ ಫೆಬ್ರವರಿ 28ಕ್ಕೆ. ಬೇರೆ ತಿಂಗಳಲ್ಲಿ ಶುರುವಾದ ಕರಾರುಗಳು ಹೀಗೇ ಸರಿದು ಜುಲೈಗೆ ಬಂದು ನಿಲ್ಲುತ್ತವೆ. ಸುರಿವ ಮಳೆಯಲ್ಲಿ ಹಾಸಿಗೆ, ಫ್ರಿಜ್ಜು ಸಾಗಿಸುವುದು ಬಾಡಿಗೆದಾರನ ಪಾಡು. ಬಣ್ಣ ಒಣಗದ, ಮಾಡು ಹತ್ತಲಾಗದ ಖಾಲಿ ಮನೆ ಮಾಲೀಕರ ಪಾಡು. ನೋಡಲು ಬಂದವರಿಗೂ ಅದು ತೇವದ ಮನೆಯಾಗಿಯೇ ಕಾಣುತ್ತದೆ.

ವಾಸದ ಮನೆಯ ಕರಾರು ಏಪ್ರಿಲ್ ಕೊನೆಗೆ ಮುಗಿಯುವಂತೆ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಮಾಡಿನ ಕೆಲಸ, ಬಣ್ಣ ಮುಗಿಸಿ ಜೂನ್ ಒಂದಕ್ಕೆ ಹೊಸ ಕುಟುಂಬ ಬರಬಹುದು. ಪ್ರವಾಸಿಗಳ ಮನೆಗೆ ಮೇ ಕೊನೆ ಸರಿಹೊಂದುತ್ತದೆ. ಈಗ ನಡುವರ್ಷದಲ್ಲಿ ಮನೆ ಹಿಡಿಯುವವರು ಮೊದಲ ಕಾಗದವನ್ನು ಆರೋ ಎಂಟೋ ತಿಂಗಳಿಗೆ, ಏಪ್ರಿಲ್ 30ರವರೆಗೆ ಮಾತ್ರ ಮಾಡಿಕೊಳ್ಳಲಿ. ಆ ಹೊತ್ತಿಗೆ ಮನೆಯೂ ಮನೆಯವರೂ ಪರಸ್ಪರ ಗೊತ್ತಾಗಿರುತ್ತಾರೆ. ಇರುವುದೇ ಎಂದು ಗಟ್ಟಿಯಾದರೆ ಅಲ್ಲಿಂದ ಮುಂದಕ್ಕೆ ಮೂರು ವರ್ಷದ್ದನ್ನು ನೋಂದಣಿ ಮಾಡಿಸಬಹುದು.